ತಮ್ಮನ ಇಂಜಿನ್ನಿಗೆ ಹತ್ತಿದ ಜಂಗು

ಮದುವೆಯಾಗಿ ರೋಣಕ್ಕೆ ಬಂದಾಗ ನನ್ನ ಪಾಲಿಗೆ ಇಂಜಿನ್ನೆಂದರೆ ಸದ್ದು ಮಾಡುವ ಕಬ್ಬಿಣದ ಗಂಟು, ಅಷ್ಟೇ. ನನ್ನ ಗಂಡ ಸಣ್ಣ ಇಂಜಿನ್ನುಗಳನ್ನು ರಿಪೇರಿ ಮಾಡುತ್ತಿದ್ದರು. ಹಳ್ಳದಿಂದ, ಹೊಳೆಯಿಂದ ನೀರೆತ್ತುವ ಪೆಟ್ರೋಲ್ ಪಂಪುಗಳು, ಬೆನ್ನಿಗೇರಿಸಿಕೊಂಡು ಬೆಳೆಗೆ ಎಣ್ಣೆ ಹೊಡೆಯುವ ಮಷಿನ್ನುಗಳು ಸುತ್ತಲ ಹಳ್ಳಿಗಳಿಂದ ಬರುತ್ತಿದ್ದವು. ಅಂಗಡಿ ಮನೆಯ ಮುಂದಿನ ಖೋಲಿಯಲ್ಲೇ ಇತ್ತು. ನಡುವೆ ಒಂದೇ ಬಾಗಿಲು. ಒಳಗೆ ನಾನು ರೊಟ್ಟಿ ಬಡಿಯುತ್ತಿದ್ದರೆ ಹೊರಗೆ ಅವರು ಕಬ್ಬಿಣ ಬಡಿಯುತ್ತಿದ್ದರು. ಮೂವತ್ತು ವರ್ಷ ಆ ಸದ್ದು ಕೇಳಿ ಕೇಳಿ, ಯಾವ ಏಟು ಸಿಟ್ಟಿನದು, ಯಾವುದು ಸಮಾಧಾನದ್ದು ಎಂದು ಒಲೆಯ ಮುಂದೆ ಕೂತೇ ಹೇಳಬಲ್ಲೆ ಎನ್ನುವಷ್ಟಾಗಿದ್ದೆ.

ನಮಗೆ ಮಕ್ಕಳಾಗಲಿಲ್ಲ. ನನಗೊಬ್ಬ ತಮ್ಮನಿದ್ದ. ಅವ್ವ ತೀರಿಕೊಂಡಾಗ ಅವನಿಗೆ ಎರಡು ವರ್ಷ, ನನಗೆ ಹನ್ನೆರಡು. ಹೊಳೆಆಲೂರಿನ ನಮ್ಮ ಮನೆಯಿಂದ ಹೊಲಕ್ಕೆ, ಹೊಲದಿಂದ ಮನೆಗೆ ಅವನನ್ನು ಟೊಂಕದ ಮೇಲೆ ಕೂರಿಸಿಕೊಂಡೇ ತಿರುಗಿದವಳು ನಾನು. ನನ್ನ ಮದುವೆಯ ದಿನ ಅಕ್ಕಿಕಾಳು ಬೀಳುವಾಗ ಅವನು ನನ್ನ ಸೆರಗು ಬಿಡದೆ ಅತ್ತದ್ದನ್ನು ನೋಡಿ, ಮದುಮಗನಾಗಿ ಕೂತಿದ್ದ ಇವರೇ ಅವನನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡಿದ್ದರಂತೆ. ನನಗೆ ನೆನಪಿಲ್ಲ, ತಲೆ ತಗ್ಗಿಸಿ ಕೂತಿದ್ದೆ. ನೋಡಿದವರು ಹೇಳಿದ್ದು.

ಅವನು ದೊಡ್ಡವನಾಗಿ ಒಕ್ಕಲುತನ ಹಿಡಿದ. ಅವನ ಮದುವೆಯಲ್ಲಿ ಬೀಗರು ಬಿಜ್ಜರು ಪಾತ್ರೆ ಪಡಗ ಕೊಟ್ಟರೆ, ನನ್ನ ಗಂಡ ಒಂದು ಹಳೆಯ ಪಂಪಿನ ಇಂಜಿನ್ನನ್ನು ಪೂರ್ತಿ ಬಿಚ್ಚಿ, ಹೊಸದರಂತೆ ಕಟ್ಟಿ, ಹಸಿರು ಬಣ್ಣ ಬಳಿದು ಕೊಟ್ಟರು. ಹಂದರದಲ್ಲಿ ಜನ ನಕ್ಕರು. ತಮ್ಮ ಮಾತ್ರ ಅದನ್ನು ಎತ್ತಿ ಒಯ್ದು ದೇವರ ಖೋಲಿಯಲ್ಲಿ ಇಟ್ಟ. ಹೊಳೆಯ ದಂಡೆಯ ಅವನ ಹೊಲಕ್ಕೆ ಹಿಂಗಾರಿಯಲ್ಲಿ ಒಂದೆರಡು ಸಲ ನೀರು ಕೊಡಲು ಆ ಇಂಜಿನ್ನೇ ಆಧಾರವಾಯಿತು. ವರ್ಷಕ್ಕೊಮ್ಮೆ ರೋಣಕ್ಕೆ ತಂದು ತೋರಿಸುತ್ತಿದ್ದ. ಮಾಮಾ, ಮಾಮಾ ಎನ್ನುತ್ತ ಇವರ ಪಕ್ಕ ಕೂತು, ಇವರು ಬಿಚ್ಚುವುದನ್ನು ನೋಡುತ್ತಿದ್ದ. ಆಗ ಬಾಗಿಲಿನಾಚೆಯಿಂದ ಬರುತ್ತಿದ್ದದ್ದು ಬರೀ ನಗು.

ಐದು ವರ್ಷದ ಹಿಂದೆ ನನ್ನ ಗಂಡನ ಕಣ್ಣು ಕೈಕೊಡತೊಡಗಿತು. ಸಕ್ಕರೆ ಬೇನೆ ಅವರಿಗೆ ಮೊದಲಿನಿಂದಲೂ ಇತ್ತು. ಅದು ಕಣ್ಣಿಗೆ ಇಳಿದದ್ದನ್ನು ಅವರು ನನಗೆ ಹೇಳಲಿಲ್ಲ. ಎಷ್ಟು ದಿನ ಮುಚ್ಚಿಟ್ಟಿದ್ದರೋ ಗೊತ್ತಿಲ್ಲ. ನನಗೆ ತಿಳಿದದ್ದು ಶಿರೋಳದ ರೈತರೊಬ್ಬರು ಇಂಜಿನ್ನು ತಂದ ದಿನ. ನಾನು ಚಹಾ ಕೊಡಲು ಹೊರಗೆ ಹೋದೆ. ಇವರು ಇಂಜಿನ್ನಿನ ಮೇಲಿನ ಮುಚ್ಚಳ ತೆಗೆದು, ಸಿಲಿಂಡರನ್ನು ಬೆಳಕಿಗೆ ಹಿಡಿದು, ಒಳಗೆ ಕನ್ನಡಿಯ ಹಾಗೆ ಐತ್ರಿ, ಏನೂ ಆಗಿಲ್ಲ ಎಂದರು. ಚಹಾದ ಬಟ್ಟಲು ಹಿಡಿದು ಮೂರು ಮಾರು ದೂರ ನಿಂತಿದ್ದ ನನಗೆ ಅದರ ಒಳಗೋಡೆಯ ತುಂಬ ತುಕ್ಕು ಹಿಡಿದು ಕೆಂಪು ಜಂಗು ಕಾಣುತ್ತಿತ್ತು. ಆ ರೈತರಿಗೂ ಕಂಡಿತು. ಅವರು ಒಮ್ಮೆ ನನ್ನ ಮುಖ ನೋಡಿ, ಚಹಾ ಕುಡಿದು, ನಾಡದು ಬರ್ತೀನ್ರಿ ಎಂದು ಇಂಜಿನ್ನು ಹೊತ್ತುಕೊಂಡು ಹೋದರು. ಮತ್ತೆ ಬರಲಿಲ್ಲ.

ಹುಬ್ಬಳ್ಳಿಗೆ ಕರೆದೊಯ್ದೆ. ಕಣ್ಣಿನ ಒಳಪರದೆಯಲ್ಲಿ ರಕ್ತ ಒಸರುತ್ತಿದೆ, ಇದ್ದಷ್ಟನ್ನು ಉಳಿಸಿಕೊಳ್ಳಲು ನೋಡಬಹುದು, ಹೋದದ್ದು ಬರುವುದಿಲ್ಲ ಎಂದರು ಡಾಕ್ಟರು. ಎಂಟು ಸಲ ಹೋಗಿ ಬಂದೆವು. ಬಲಗಣ್ಣು ಹೋಯಿತು. ಎಡಗಣ್ಣಿನಲ್ಲಿ ಬೆಳಕು, ನೆರಳು, ಎದುರಿಗೆ ನಿಂತವರ ಆಕಾರ ಇಷ್ಟು ಉಳಿಯಿತು. ಆದರೂ ಅವರು ಅಂಗಡಿಯ ಶಟರ್ ಎತ್ತುವುದನ್ನು ಬಿಡಲಿಲ್ಲ. ನಟ್ಟು ಬಿಚ್ಚುವ ಪಾನಾಗಳನ್ನು ಗೋಡೆಗೆ ಗಾತ್ರದ ಪ್ರಕಾರ ಮೊಳೆ ಹೊಡೆದು ತೂಗು ಹಾಕಿಕೊಂಡು, ಮುಟ್ಟಿಯೇ ಕೆಲಸ ಮಾಡುತ್ತಿದ್ದರು. ಬರುವವರು ಕಡಿಮೆಯಾದರು. ಬಂದವರೂ ಅವರ ಕೈ ತಡಕಾಡುವುದನ್ನು ನೋಡುತ್ತ ನಿಲ್ಲುತ್ತಿದ್ದರು.

ಅಂಥ ದಿನಗಳಲ್ಲೇ ಒಂದು ಪಂಚಮಿಗೆ ನನ್ನನ್ನು ತವರಿಗೆ ಕರೆದೊಯ್ಯಲು ತಮ್ಮ ಬಂದ. ನಾನು ಅಡಿಗೆಮನೆಯಲ್ಲಿ ಒಯ್ಯಲಿಕ್ಕೆ ಉಂಡಿ ಕಟ್ಟುತ್ತಿದ್ದೆ. ಅವನು ನನ್ನ ಎದುರಿಗೆ ಕುಕ್ಕರಗಾಲಲ್ಲಿ ಕೂತು ಒಂದು ಉಂಡಿ ಕಟ್ಟಿ ತಾಟಿಗಿಟ್ಟ. ಆಮೇಲೆ ಅಂದ:

"ಅಕ್ಕಾ, ಇನ್ನ ಅಂಗಡಿ ಮುಚ್ಚಿಬಿಡ್ರಿ. ಕಣ್ಣ ಕಾಣಲಾರದ ಮೆಕ್ಯಾನಿಕನ ಕೈಯಾಗ ಯಾರ ಇಂಜಿನ್ ಕೊಡ್ತಾರ? ನೀ ನಮ್ಮ ಕಡೆ ಬಂದ್ ಬಿಡು. ಮಾಮಾನೂ ಬರಲಿ, ಒಂದ್ ಮೂಲ್ಯಾಗ ಕುಂತಿರ್ತಾನ."

ಅವನ ದನಿಯಲ್ಲಿ ಕೆಟ್ಟತನ ಇರಲಿಲ್ಲ. ನನ್ನ ಕೈ ನೋಡಿ ಆಡಿದ ಮಾತು ಅದು. ಅಷ್ಟರಲ್ಲಾಗಲೇ ನಾನು ಖಾನಾವಳಿಗಳಿಗೆ ಖಡಕ್ ರೊಟ್ಟಿ ಬಡಿದು ಕೊಡಲು ಶುರು ಮಾಡಿದ್ದೆ, ಬೆರಳ ತುದಿಗಳು ಸುಟ್ಟು ಕಪ್ಪಾಗಿದ್ದವು. ಹಂಗ ಅನಬಾರದಪ್ಪ ಎಂದು ಸಣ್ಣ ದನಿಯಲ್ಲಿ ಗದರಿ ತಲೆ ಎತ್ತಿದಾಗ, ನಡುವಿನ ಬಾಗಿಲಲ್ಲಿ ಇವರು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಮುಖದಲ್ಲಿ ಏನೂ ಇರಲಿಲ್ಲ. ಹಿಂದಕ್ಕೆ ತಿರುಗಿ ಅಂಗಡಿಗೆ ಹೋದರು.

ಹೊರಡುವಾಗ ನೀವೂ ಬರ್ರಿ ಎಂದು ಕರೆದೆ. ಪ್ರತಿ ವರ್ಷ ಬರುತ್ತಿದ್ದರು.

"ನೀ ಹೋಗಿ ಬಾ" ಎಂದರು. "ನಾ ಇಲ್ಲೇ ಮೂಲ್ಯಾಗ ಕುಂತಿರ್ತೀನಿ."

ತಮ್ಮ ಅದನ್ನು ಕೇಳಿಸಿಕೊಂಡ. ಅವನ ಕಿವಿ ಕೆಂಪಾದದ್ದು ನನಗೆ ಕಂಡಿತು. ಆ ಗಳಿಗೆಯಲ್ಲೇ ಅವನು ಇವರ ಕೈ ಹಿಡಿದು ಒಂದು ಮಾತು ಆಡಿದ್ದರೆ ಮುಗಿದುಹೋಗುತ್ತಿತ್ತು. ಅವನು ನನ್ನ ಚೀಲ ಎತ್ತಿಕೊಂಡು ಮುಂದೆ ನಡೆದ. ನಾನೂ ಹಿಂದೆ ಹೋದೆ. ಇಬ್ಬರನ್ನೂ ನಿಲ್ಲಿಸಿ ಕೂರಿಸುವ ಶಕ್ತಿ ನನಗಿತ್ತು, ನಾನು ಹಾಗೆ ಮಾಡಲಿಲ್ಲ. ಹಬ್ಬದ ದಿನ ಯಾಕೆ ಎಂದುಕೊಂಡೆ. ನಾಲ್ಕು ದಿನಕ್ಕೆ ತಾನೇ ಸರಿಹೋಗುತ್ತದೆ ಎಂದುಕೊಂಡೆ.

ತವರಿನಿಂದ ಮರಳಿ ಬಂದಾಗ ಅಂಗಡಿಯ ಶಟರ್ ಇಳಿದಿತ್ತು. ಇವರು ಕೀಲಿಯನ್ನು ದೇವರ ಗೂಡಿನಲ್ಲಿ ಇಟ್ಟಿದ್ದರು. ಕಣ್ಣು ಕಿತ್ತುಕೊಳ್ಳದ್ದನ್ನು ಆ ಒಂದು ಮಾತು ಕಿತ್ತುಕೊಂಡಿತ್ತು.

ಆಮೇಲೆ ತಮ್ಮ ನಮ್ಮ ಮನೆಗೆ ಬರಲಿಲ್ಲ. ಮರುವರ್ಷ ಪಂಚಮಿಗೆ ನನ್ನನ್ನು ಕರೆದೊಯ್ಯಲು ಬಂದವನು ರೋಣದ ಬಸ್ ಸ್ಟ್ಯಾಂಡಿನಲ್ಲೇ ನಿಂತು ಫೋನು ಮಾಡಿದ. ನಾನೇ ಚೀಲ ಹಿಡಿದು ನಡೆದುಹೋದೆ. ಮಾಮಾ ಹ್ಯಾಂಗದಾನ ಎಂದು ಕೇಳಿದ, ಚಲೋ ಅದಾರ ಎಂದೆ. ಮನೆಗೆ ಬಂದ ಮೇಲೆ ಇವರು ಕೇಳಿದರು: ಹೊಲದಾಗ ಏನ್ ಬಿತ್ಯಾನ? ಹೆಸರು ಬಿತ್ಯಾನ ಎಂದೆ. ಇಬ್ಬರ ನಡುವೆ ಹೀಗೆ ನಾನು ಅತ್ತಿಂದಿತ್ತ ಮಾತು ಹೊತ್ತೆ. ಇಬ್ಬರಿಗೂ ಬೇಕಾದ ಮಾತನ್ನು ಮಾತ್ರ ಇಬ್ಬರೂ ಹೇಳಿ ಕಳಿಸಲಿಲ್ಲ.

ಅದರ ಮುಂದಿನ ಪಂಚಮಿಗೂ ಅವನು ಬಸ್ ಸ್ಟ್ಯಾಂಡಿಗೇ ಬಂದ. ಆ ಸಲ ಅವನ ಹತ್ತಿರ ಒಂದು ಹಳೆಯ ಗೊಬ್ಬರದ ಚೀಲ, ಅದರೊಳಗೆ ಏನೋ ಭಾರದ್ದು. ಬಸ್ಸಿನಲ್ಲಿ ಅದನ್ನು ನನ್ನ ಕಾಲ ಬಳಿ ಇಟ್ಟ. ಏನದು ಎಂದು ಕೇಳಿದೆ. ಏನಿಲ್ಲಕ್ಕಾ, ಸಾಮಾನ ಎಂದ. ಕಿಟಕಿಯ ಹೊರಗೆ ನೋಡುತ್ತ ಕೂತ. ಹಿಂಗಾರಿ ಬಿತ್ತಿಗೆಯ ಚಿಂತೆಯೇನೋ ಎಂದುಕೊಂಡೆ.

ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ತಮ್ಮನ ಹೆಂಡತಿಯ ಫೋನು ಬಂತು. ಬರೀ ಉಸಿರು ಕೇಳಿಸಿತು. ಆಮೇಲೆ ಪಕ್ಕದ ಮನೆಯವರು ಫೋನು ಇಸಿದುಕೊಂಡು ಹೇಳಿದರು. ಕಡಲೆ ಹೊಲಕ್ಕೆ ಹೋದವನು ಎದೆ ಹಿಡಿದುಕೊಂಡು ಬದುವಿನ ಮೇಲೆ ಕೂತಿದ್ದನಂತೆ. ಗಾಡಿ ತರುವಷ್ಟರಲ್ಲಿ ಮುಗಿದಿತ್ತು. ನಲವತ್ತೊಂದು ವರ್ಷ.

ನಾನು ಫೋನು ಕೆಳಗಿಟ್ಟು ನೆಲದ ಮೇಲೆ ಕೂತೆ. ಇವರು ಏನಾಯ್ತು ಏನಾಯ್ತು ಎನ್ನುತ್ತ ಕೈ ಚಾಚಿ ನನ್ನನ್ನು ಹುಡುಕಿದರು. ಹೇಳಿದೆ. ಅವರು ಅಳಲಿಲ್ಲ. ಚಪ್ಪಲಿ ಎಲ್ಲಿ ಎಂದು ಕೇಳಿದರು. ಆ ಮಾತಾಗಿ ಎರಡು ವರ್ಷ ದಾಟಿದ ಮೇಲೆ ನನ್ನ ತವರಿಗೆ ಅವರು ಹೊರಟದ್ದು ಹಾಗೆ. ಅಲ್ಲಿ ಹೆಣದ ಬಳಿ ಅವರನ್ನು ಕೂರಿಸಿದೆ. ಅವರು ತಮ್ಮನ ಮುಖವನ್ನು ಎರಡೂ ಕೈಯಿಂದ ಮುಟ್ಟಿದರು, ಹಣೆ, ಮೂಗು, ಮೀಸೆ, ಗದ್ದ. ಹೆಂಗಸರು ಅಳು ನಿಲ್ಲಿಸಿ ನೋಡುತ್ತಿದ್ದರು. ಗಡ್ಡ ಬಿಟ್ಟಿದ್ದನೇನು ಎಂದು ನನ್ನನ್ನು ಕೇಳಿದರು. ಎರಡು ದಿನದ್ದು ಎಂದೆ.

ಕಾರ್ಯ ಎಲ್ಲ ಮುಗಿದ ಮರುದಿನ ನಾವು ಹೊರಟು ನಿಂತಾಗ ತಮ್ಮನ ಹೆಂಡತಿ ದನದ ಕೊಟ್ಟಿಗೆಯಿಂದ ಆ ಗೊಬ್ಬರದ ಚೀಲ ಎಳೆದುಕೊಂಡು ಬಂದಳು. ಒಳಗೆ ಇದ್ದದ್ದು ಹಸಿರು ಇಂಜಿನ್ನು. ಶ್ರಾವಣದ ಮೊದಲೇ ಅದು ಚಾಲೂ ಆಗಲು ತಕರಾರು ಮಾಡುತ್ತಿತ್ತಂತೆ. ತಮ್ಮ ಪ್ಲಗ್ಗು ಬಿಚ್ಚಿ ನೋಡಿದ, ತಿಳಿಯಲಿಲ್ಲ. ಮಾಮಾನ ಕಡೆನೇ ಒಯ್ಯಬೇಕು ಎಂದನಂತೆ. ಪ್ಲಗ್ಗಿನ ತೂತಿಗೆ ಒಂದು ಅರಿವೆ ತುರುಕಿ ಚೀಲದಲ್ಲಿ ಹಾಕಿದ.

"ಪಂಚಮಿ ದಿನ ನಿಮ್ಮ ಕಾಲ ಹತ್ರ ಇತ್ತಲ್ಲರಿ ಅಕ್ಕಾರ, ಆ ಚೀಲ ಇದ" ಎಂದಳು. "ನಸಿಕಿನ್ಯಾಗ ಒಯ್ದಿದ್ರು. ಮಾಮಾನ ಮುಂದ ಇಟ್ಟು ತಪ್ಪಾತು ಅಂತೀನಿ ಅಂದಿದ್ರು. ಸಂಜಿಗೆ ಅದನ್ನ ಹೊತ್ಕೊಂಡು ಹಂಗ ಹೊಳ್ಳಿ ಬಂದ್ರು. ನಿಮ್ಮ ಮನಿ ಓಣಿತನಕ ಹೋಗಿದ್ರಂತ. ಶಟರ್ ಇಳಿಸಿದ್ದು ನೋಡಿ ಕಾಲ ಮುಂದ ಏಳಲಿಲ್ಲಂತ."

ನನ್ನ ಗಂಡ ಹೊರಗೆ ಕಟ್ಟೆಯ ಮೇಲೆ ಕೂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಎದ್ದು ಬಂದು ನೆಲದ ಮೇಲೆ ಕೂತು ಇಂಜಿನ್ನನ್ನು ಮುಟ್ಟಿದರು. ಪ್ಲಗ್ಗಿನ ತೂತಿನಿಂದ ಅರಿವೆ ಎಳೆದು ಮೂಗಿಗೆ ಹಿಡಿದರು. ಮೂರು ತಿಂಗಳ ಮಳೆಯ ಹಸಿಯನ್ನು ಅದು ಹೀರಿ ಇಟ್ಟುಕೊಂಡಿತ್ತು. ಚಾಲೂ ಮಾಡುವ ಹಗ್ಗ ಎಳೆದು ನೋಡಿದರು, ಜಗ್ಗಲಿಲ್ಲ. ಕಡಲೆಗೆ ಒಂದು ನೀರು ಬೇಕಿತ್ತು, ತಮ್ಮನ ಹೆಂಡತಿ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಆ ಹೊಲವನ್ನು ತಾನೇ ಮಾಡುವವಳಿದ್ದಳು. ಇದು ಆಗ್ತೈತೇನ್ರಿ ಮಾಮಾ ಎಂದು ಕೇಳಿದಳು.

"ನೋಡೂಣು" ಎಂದರು ಇವರು. ಅಷ್ಟೇ.

ರೋಣಕ್ಕೆ ಬಂದ ಮೇಲೆ ಕೀಲಿ ಕೊಡು ಎಂದರು. ಶಟರ್ ಜಂಗು ತಿಂದು ಬಿಗಿದಿತ್ತು, ಇಬ್ಬರೂ ಸೇರಿ ಎತ್ತಿದೆವು. ಒಳಗೆ ಜೇಡರ ಬಲೆ, ಇಲಿಯ ಹಿಕ್ಕೆ. ಪಾನಾಗಳು ಮಾತ್ರ ಇದ್ದಲ್ಲೇ ಇದ್ದವು. ಅವರ ಕೈ ನೇರ ಅವುಗಳ ಬಳಿಗೆ ಹೋಯಿತು. ಇಂಜಿನ್ನಿನ ಮೇಲ್ಮುಚ್ಚಳ ಬಿಚ್ಚಿ, ಒಳಗೆ ಎಣ್ಣೆ ಮತ್ತು ಡೀಸೆಲ್ ಕೂಡಿಸಿ ಸುರಿದು, ಒಂದು ಹಗಲು ಒಂದು ರಾತ್ರಿ ಬಿಟ್ಟರು. ಮರುದಿನ ಪಿಸ್ಟನ್ನಿನ ತಲೆಯ ಮೇಲೆ ಕಟ್ಟಿಗೆಯ ತುಂಡು ಇಟ್ಟು ಮೆಲ್ಲಗೆ ಬಡಿದರು. ಬಹಳ ಹೊತ್ತಿನ ಮೇಲೆ ಅದು ಕೂದಲೆಳೆಯಷ್ಟು ಸರಿಯಿತು. ಆಮೇಲೆ ಎಲ್ಲವನ್ನೂ ಬಿಚ್ಚಿ, ಪಿಸ್ಟನ್ನು ಹೊರಗೆ ತೆಗೆದು, ಬರೀ ಸಿಲಿಂಡರನ್ನು ನನ್ನ ಮುಂದೆ ಇಟ್ಟರು.

ಪಿಸ್ಟನ್ನು ಓಡಾಡುವ ಆ ಗುಂಡನೆಯ ಒಳಗೋಡೆಗೆ ಬೋರು ಎನ್ನುತ್ತಾರೆ. ಅದು ನುಣ್ಣಗಿದ್ದರೆ ಇಂಜಿನ್ನಿನ ಉಸಿರು ಒಳಗೇ ಉಳಿಯುತ್ತದೆ, ಜಂಗು ಹತ್ತಿದರೆ ಉಸಿರು ಸೋರುತ್ತದೆ. ಇವರು ಬೆರಳು ಹಾಕಿ ಸುತ್ತ ಸವರಿದರು.

"ಬಣ್ಣ ಹೇಳು" ಎಂದರು.

ನಾನು ಬ್ಯಾಟರಿ ಹಿಡಿದು ನೋಡಿ, ಇಟ್ಟಂಗಿ ಪುಡಿಯಂತೆ ಕೆಂಪಗಿದೆ ಎಂದೆ. ಕರಿ ಚುಕ್ಕೆ ಇವೆಯೇ ಎಂದು ಕೇಳಿದರು. ಮೇಲ್ಗಡೆ, ಪಿಸ್ಟನ್ನು ನಿಂತಿದ್ದ ಜಾಗದ ಸ್ವಲ್ಪ ಮೇಲೆ, ಸಾಸಿವೆಯಷ್ಟು ದೊಡ್ಡವು ಮೂರು ಇದ್ದವು. ಕೆಂಪು ಜಂಗು ಮೈಮೇಲಿನದು, ತಿಕ್ಕಿದರೆ ಹೋಗುತ್ತದೆ, ಕರಿದು ಕಬ್ಬಿಣದ ಒಳಗೆ ಇಳಿದದ್ದು ಎಂದು ವಿವರಿಸಿದರು. ಆ ಚುಕ್ಕೆಗಳ ಮೇಲೆ ಉಗುರು ಎಳೆದು ನೋಡಲು ಹೇಳಿದರು. ಉಗುರು ತೊಡರಿ ನಿಂತರೆ ಸಿಲಿಂಡರನ್ನು ದೊಡ್ಡ ಊರಿಗೆ ಒಯ್ದು ಕೊರೆಸಬೇಕು, ಹೊಸ ಪಿಸ್ಟನ್ನು ಹಾಕಬೇಕು. ನಾನು ಎಳೆದೆ. ಒಂದರಲ್ಲಿ ಸ್ವಲ್ಪ ತೊಡರಿದಂತಾಯಿತು, ನಿಲ್ಲಲಿಲ್ಲ. ಇವರು ತಮ್ಮ ಉಗುರಿನಿಂದಲೂ ನೋಡಿದರು. ತಿಕ್ಕಿದರ ನಡೀತೈತಿ ಎಂದರು.

ಪಿಸ್ಟನ್ನಿನ ಸುತ್ತ ಕೂರುವ ಹಳೆಯ ರಿಂಗುಗಳು ಅದಕ್ಕೆ ಅಂಟಿ, ತೆಗೆಯುವಾಗ ಮುರಿದುಹೋಗಿದ್ದವು. ಆ ಅಳತೆಯವು ರೋಣದಲ್ಲಿ ಸಿಗಲಿಲ್ಲ. ತುಂಡುಗಳನ್ನು ಕಾಗದದಲ್ಲಿ ಕಟ್ಟಿಕೊಂಡು ನಾನೇ ಗಜೇಂದ್ರಗಡಕ್ಕೆ ಬಸ್ಸು ಹತ್ತಿದೆ. ಇಂಥ ಕೆಲಸಕ್ಕೆ ಒಬ್ಬಳೇ ಹೋದದ್ದು ಅದೇ ಮೊದಲು. ಬಸ್ಸಿನಲ್ಲಿ ಮುಶಿಗೇರಿಗೆ ಹೊರಟ ಒಬ್ಬಾಕೆ, ಯಾರನ್ನು ಕಳಕೊಂಡೀರಿ ತಂಗಿ ಎಂದು ಕೇಳಿದಳು. ನನಗೆ ಗೊತ್ತಿಲ್ಲದೆಯೇ ಕಣ್ಣಿಂದ ನೀರು ಇಳಿಯುತ್ತಿತ್ತಂತೆ. ಬಿಡಿಭಾಗದ ಅಂಗಡಿಯ ಮುದುಕರು ತುಂಡುಗಳನ್ನು ನೋಡಿ, ಇದು ಯಾರ ಕೆಲಸ ಎಂದರು. ನನ್ನ ಗಂಡನ ಗುರುತು ಹೇಳಿದೆ. ಅವರು ಒಳಗೆ ಹೋಗಿ ಹುಡುಕಿ ರಿಂಗು ತಂದುಕೊಟ್ಟು, ಅಂಗಡಿ ಮುಚ್ಯಾರಂತ ಕೇಳಿ ಭಾಳ ಕೆಟ್ಟ ಅನಿಸಿತ್ತವ್ವಾ, ತಗದಾರಲ್ಲ, ಚಲೋ ಆತು ಎಂದರು. ತೆಗೆದದ್ದು ಒಂದೇ ಇಂಜಿನ್ನಿಗೆ ಎಂದು ಹೇಳದೆ ರೊಕ್ಕ ಎಣಿಸಿಕೊಟ್ಟೆ.

ತಿಕ್ಕುವ ಹತಾರದಲ್ಲಿ ಸ್ಪ್ರಿಂಗಿನ ಮೂರು ಕಾಲುಗಳು, ಕಾಲಿಗೊಂದೊಂದು ಬೆರಳುದ್ದದ ಸಾಣೆಕಲ್ಲು. ಅದನ್ನು ಡ್ರಿಲ್ ಮಷಿನ್ನಿಗೆ ಸಿಕ್ಕಿಸಿ ಬೋರಿನೊಳಗೆ ತಿರುಗಿಸಬೇಕು. ಇವರು ಸಿಲಿಂಡರನ್ನು ಮೇಜಿಗೆ ಬಿಗಿದು, ಒಳಗೆ ಎಣ್ಣೆ ಬಿಟ್ಟು, ಮಷಿನ್ನು ಹಿಡಿದರು. ಗುಂಡಿ ಒತ್ತಿದರು. ಕಲ್ಲು ಎರಡು ಸುತ್ತು ತಿರುಗಿತೋ ಇಲ್ಲವೋ, ನಿಲ್ಲಿಸಿದರು. ಮತ್ತೊಮ್ಮೆ ಹಿಡಿದರು, ಮತ್ತೆ ನಿಲ್ಲಿಸಿದರು. ಕಣ್ಣು ಕಾಣದ್ದಕ್ಕೆ ನಿಲ್ಲಿಸಿದ್ದಲ್ಲ, ನನಗೆ ಗೊತ್ತು. ಮಷಿನ್ನನ್ನು ನನ್ನ ಕಡೆ ಚಾಚಿದರು.

"ನೀ ಹಿಡಿ."

ನನ್ನಿಂದಾಗದು ಎಂದೆ. ಅವರು ನನ್ನ ಕೈ ಹುಡುಕಿ ಮಷಿನ್ನಿನ ಹಿಡಿಯ ಮೇಲೆ ಇಟ್ಟರು. ತಾವು ಸಿಲಿಂಡರಿನ ಹೊರಮೈಗೆ ಅಂಗೈ ಒತ್ತಿ ನಿಂತರು.

"ಮ್ಯಾಲ ಕೆಳಗ ಆಡಸ್ಕೋತ ಇರು. ಒಂದ ಕಡೆ ನಿಂತರ ಅಲ್ಲೇ ತಗ್ಗು ಬೀಳತೈತಿ. ಹೊಲಾ ಉದ್ದ ಹರಗಿ ಅಡ್ಡ ಹರಗತಾರಲ್ಲ, ಹಂಗ ಗೆರಿ ಮೂಡಬೇಕು. ಅವಸರ ಬ್ಯಾಡ."

ಗುಂಡಿ ಒತ್ತಿದೆ. ಮೊದಲು ಗರಗರ ಎಂದು ಒರಟು ಸದ್ದು. ಎಣ್ಣೆ ಕೆಂಪಾಗಿ ಕೆಳಗೆ ಇಳಿಯತೊಡಗಿತು, ತಮ್ಮನ ಹೊಲದ ಪಕ್ಕದ ಹೊಳೆಗೆ ಮಳೆಗಾಲದಲ್ಲಿ ಬರುವ ಹೊಸ ನೀರಿನ ಬಣ್ಣ. ಹತ್ತಿಪ್ಪತ್ತು ಸಲ ಆಡಿಸಿದ ಮೇಲೆ ನಿಲ್ಲಿಸಿ, ಒರೆಸಿ, ಬ್ಯಾಟರಿ ಹಿಡಿದು ನೋಡಿ ಹೇಳುತ್ತಿದ್ದೆ. ಕೆಂಪು ಅರ್ಧ ಹೋಗಿದೆ. ಈ ಪಕ್ಕ ಇನ್ನೂ ಇದೆ. ಗೆರೆ ಬಹಳ ಅಡ್ಡ ಬಿದ್ದಿವೆ. ಹಂಗಾರ ಕೈ ಇನ್ನೊಂಚೂರು ಲಗೂ ಆಡಸು ಎನ್ನುತ್ತಿದ್ದರು. ಒಂದು ಸಲ ಮಷಿನ್ನು ತಿರುಗುತ್ತಿರುವಾಗಲೇ ಕಲ್ಲನ್ನು ಮೇಲಕ್ಕೆ ಎಳೆದುಬಿಟ್ಟೆ, ಕಟಕ್ ಎಂದು ಒಂದು ಕಲ್ಲಿನ ಮೂಲೆ ಮುರಿಯಿತು. ಇವರು ಬಯ್ಯಲಿಲ್ಲ. ಪೆಟ್ಟಿಗೆಯಿಂದ ಬೇರೆ ಕಲ್ಲು ತೆಗೆದು ಮುಟ್ಟಿಯೇ ಹಾಕಿ ಕೊಟ್ಟರು. ಹಾಕುತ್ತ, ನನ್ನ ಕಡೆ ಮುಖ ಮಾಡದೆ ಮಾತಾಡಿದರು.

"ಅಂವ ಅಂದದ್ದು ಸುಳ್ಳ ಅಲ್ಲ. ನನಗ ಆ ಮಾತಿನ ಸಿಟ್ಟು ಎಂಟ್ ದಿನಾನೂ ಇರಲಿಲ್ಲ. ಅಂವ ಬಂದು ಇನ್ನೊಂದ್ ಮಾತು ಆಡ್ಯಾನು ಅಂತ ಕಾಯ್ದೆ. ನಾನ ಒಂದ್ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ದೊಡ್ಡಾಂವ ನಾನು, ಅಂವ ಹುಡುಗ. ನಾನ ಮಾಡಬೇಕಿತ್ತು."

ನಾನು ಮಾತಾಡಿದರೆ ನನ್ನ ತಪ್ಪನ್ನೂ ಹೇಳಬೇಕಾಗುತ್ತಿತ್ತು. ಬಸ್ಸಿನಲ್ಲಿ ಚೀಲವನ್ನು ಕಾಲಿಂದ ಆಚೆ ಸರಿಸಿದವಳು ನಾನು. ಒಮ್ಮೆ ಅದರ ಬಾಯಿ ಬಿಚ್ಚಿ ನೋಡಬೇಕೆನ್ನಿಸಲಿಲ್ಲ. ಮಷಿನ್ನು ಹಿಡಿದು ಮತ್ತೆ ಗುಂಡಿ ಒತ್ತಿದೆ.

ಮಧ್ಯಾಹ್ನದ ಹೊತ್ತಿಗೆ ಸದ್ದು ಬದಲಾಯಿತು. ಒರಟು ಹೋಗಿ ಒಂದೇ ಸಮನಾಯಿತು. ಅಂಗೈ ಒತ್ತಿ ನಿಂತಿದ್ದ ಇವರು ನನಗಿಂತ ಮೊದಲೇ, ಸಾಕು, ನಿಲ್ಲಿಸು ಎಂದರು. ಮಷಿನ್ನು ಪೂರ್ತಿ ನಿಂತ ಮೇಲೆ ಕಲ್ಲನ್ನು ಹೊರಗೆ ತೆಗೆದೆ. ಬೋರು ಬೂದು ಬೆಳ್ಳಗಾಗಿತ್ತು, ಮೈತುಂಬ ಸಣ್ಣ ಗೆರೆಗಳು ಒಂದನ್ನೊಂದು ಓರೆಯಾಗಿ ದಾಟಿದ್ದವು. ಮೂರು ಕರಿ ಚುಕ್ಕೆಗಳಲ್ಲಿ ಎರಡು ಅಳಿಸಿದ್ದವು. ಒಂದು ಉಳಿದಿತ್ತು. ಅದನ್ನೂ ತೆಗೆಯುತ್ತೇನೆ ಎಂದು ಹಟ ಹಿಡಿದೆ. ಅದನ್ನು ತೆಗೆಯಹೋದರೆ ಬೋರು ದೊಡ್ಡದಾಗಿ ರಿಂಗು ಸಡಿಲಾಗುತ್ತದೆ, ಅದು ಇರಲಿ ಬಿಡು ಎಂದರು.

ತೊಳೆಯುವ ಕೆಲಸ ನನ್ನದೇ. ಕಲ್ಲಿನ ಪುಡಿ ಕಣ್ಣಿಗೆ ಕಾಣದಷ್ಟು ಉಳಿದರೂ ಹೊಸ ರಿಂಗನ್ನು ತಿಂದುಹಾಕುತ್ತದಂತೆ. ಬಿಸಿನೀರು, ಅರಿವೆ ಒಗೆಯುವ ಸಬಕಾರ ಹಾಕಿ ಬ್ರಷ್ಷಿನಿಂದ ಉಜ್ಜಿದೆ. ಹಳೆಯ ಧೋತರದ ತುಂಡಿನಿಂದ ಒಳಗೆ ಒರೆಸಿ ನೋಡಿದರೆ ಬೂದು ಕಲೆ. ಮತ್ತೆ ತೊಳೆದೆ, ಮತ್ತೆ ಕಲೆ. ನಾಲ್ಕನೆಯ ಸಲ ಬಟ್ಟೆ ಬೆಳ್ಳಗೇ ಹೊರಬಂತು. ತಡ ಮಾಡಿದರೆ ಅರ್ಧ ತಾಸಿನಲ್ಲಿ ಮತ್ತೆ ಜಂಗು ಹತ್ತುತ್ತದೆಂದು ಕೂಡಲೇ ಒರೆಸಿ ಎಣ್ಣೆ ಸವರಿದರು ಇವರು. ಮಗುವಿಗೆ ಎರೆದ ಮೇಲೆ ಎಣ್ಣೆ ಹಚ್ಚುವವರ ಹಾಗೆ ಎರಡು ಬೆರಳಿನಿಂದ ಮೆಲ್ಲಗೆ ಹಚ್ಚಿದರು. ಹಚ್ಚುತ್ತ ಹಚ್ಚುತ್ತ ಆಗ ಅತ್ತರು. ಹೆಣದ ಮುಂದೆ ಬಾರದ ಅಳು ಅಲ್ಲಿ ಬಂತು. ನಾನು ಅವರ ಕೈಯಿಂದ ಎಣ್ಣೆಯ ಡಬ್ಬಿ ತೆಗೆದು ಕೆಳಗಿಟ್ಟು, ಪಕ್ಕದಲ್ಲಿ ಕೂತೆ. ಬೀದಿಯಲ್ಲಿ ಜನ ಓಡಾಡುತ್ತಿದ್ದರು, ಶಟರ್ ತೆರೆದೇ ಇತ್ತು.

ಇಂಜಿನ್ನು ಕಟ್ಟಲು ಇನ್ನೂ ಎರಡು ದಿನ ಹಿಡಿಯಿತು. ಹೊಳೆಆಲೂರಿಗೆ ಒಯ್ದು ದಂಡೆಯ ಮೇಲೆ ಇಟ್ಟು ಪಂಪಿಗೆ ಜೋಡಿಸಿದೆವು. ಮೂರನೆಯ ಸಲ ಹಗ್ಗ ಎಳೆದಾಗ ಹತ್ತಿಕೊಂಡಿತು. ಮೊದಲು ಬಿಳಿ ಹೊಗೆ ಬಂತು, ಆಮೇಲೆ ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಆ ಒಂದು ಚುಕ್ಕೆಯ ಕಾರಣಕ್ಕೆ ಅದು ಯಾವಾಗಲೂ ಸ್ವಲ್ಪ ಎಣ್ಣೆ ಸುಡುತ್ತದೆ, ನಡೆದಷ್ಟು ದಿನ ನಡೆಯುತ್ತದೆ ಎಂದು ಇವರು ತಮ್ಮನ ಹೆಂಡತಿಗೆ ತಿಳಿಸಿ ಹೇಳಿದರು. ಎಣ್ಣೆ ನೋಡುವುದು, ಕೆಲಸ ಮುಗಿದ ಮೇಲೆ ಪ್ಲಗ್ಗು ಬಿಗಿದೇ ಇಡುವುದು, ಮಳೆಗಾಲದಲ್ಲಿ ಎಂಟು ದಿನಕ್ಕೊಮ್ಮೆ ಹಗ್ಗ ಎಳೆಯುವುದು, ಎಲ್ಲವನ್ನೂ ಅವಳ ಕೈ ಹಿಡಿದು ಮಾಡಿಸಿದರು. ಕಡಲೆ ಹೊಲಕ್ಕೆ ನೀರು ಹರಿಯಿತು. ತಮ್ಮನನ್ನು ಮಣ್ಣು ಮಾಡಿದ್ದು ಅದೇ ಹೊಲದ ಮೇಲಿನ ಮೂಲೆಯಲ್ಲಿ. ನನ್ನನ್ನ ಅಲ್ಲಿಗೆ ಕರ್ಕೊಂಡ್ ನಡಿ ಎಂದರು. ಮಣ್ಣಿನ್ನೂ ಕೂತಿರಲಿಲ್ಲ, ಕಾಲಿಗೆ ಮೆತ್ತಗೆ ಸಿಗುತ್ತಿತ್ತು. ಇವರು ಅಲ್ಲಿ ಬಹಳ ಹೊತ್ತು ನಿಂತರು. ಏನಾದರೂ ಅಂದರೋ ಇಲ್ಲವೋ, ಇಂಜಿನ್ನಿನ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ.

ಅದಾದ ಮೇಲೆ ಒಬ್ಬಿಬ್ಬರು ಮಷಿನ್ನು ತಂದರು. ನಾನು ನೋಡಿ ಹೇಳುತ್ತೇನೆ, ಇವರು ಮುಟ್ಟಿ ಹೇಳುತ್ತಾರೆ, ಹಾಗೆ ಕೆಲವು ಕೆಲಸ ಮಾಡಿದೆವು. ದೊಡ್ಡದೇನೂ ಅಲ್ಲ. ಈಗಲೂ ಮನೆ ನಡೆಯುವುದು ರೊಟ್ಟಿಯಿಂದಲೇ.

ಹೋಳಿ ಹುಣ್ಣಿಮೆ ಕಳೆದು ನಾಲ್ಕೈದು ದಿನವಾಗಿತ್ತು. ನಾನು ಅಂಗಳ ಗುಡಿಸಿ, ನೀರು ಕಾಯಿಸಿ, ಒಳಗೆ ಬಂದೆ. ಹೊತ್ತು ಮಾರುದ್ದ ಏರಿತ್ತು, ಕಿಟಕಿಯಿಂದ ಬಿಸಿಲು ನೇರ ಅವರ ಹಾಸಿಗೆಯ ಮೇಲೆ ಬಿದ್ದಿತ್ತು. ಅವರು ಎದ್ದು ಕೂತಿದ್ದರು, ಮುಖ ಕಿಟಕಿಯ ಕಡೆಗಿತ್ತು.

"ಇನ್ನೂ ಬೆಳಕು ಹರದಿಲ್ಲೇನ?" ಎಂದು ಕೇಳಿದರು.

ನಾನು ಬಾಗಿಲಲ್ಲಿ ನಿಂತುಬಿಟ್ಟೆ. ಬಿಸಿಲಲ್ಲಿ ಅವರ ಬಿಳಿ ಗಡ್ಡದ ಒಂದೊಂದು ಕೂದಲೂ ಎಣಿಸುವಂತೆ ಕಾಣುತ್ತಿತ್ತು.

"ಇಲ್ರಿ" ಎಂದೆ. "ಇನ್ನೊಂದೀಟ ಮಕ್ಕೋರಿ."

ಅವರು ಮಲಗಲಿಲ್ಲ. ಹೊರಗೆ ಹಾಲಿನವನು ಬಂದು ಹೋದದ್ದು, ಮಕ್ಕಳು ಸಾಲಿಗೆ ಹೊರಟದ್ದು ಅವರಿಗೆ ಕೇಳಿಸಿರಲೇಬೇಕು. ಸ್ವಲ್ಪ ಹೊತ್ತಿನ ಮೇಲೆ ಕೈಯನ್ನು ಎಡಗಣ್ಣಿನ ಮುಂದೆ ತಂದು, ಅಂಗೈ ತಿರುಗಿಸಿ, ಮತ್ತೆ ತೊಡೆಯ ಮೇಲೆ ಇಟ್ಟುಕೊಂಡರು. ನಾನು ಹೋಗಿ ಹಾಸಿಗೆಯ ಅಂಚಿಗೆ ಕೂತೆ. ಚಹಾಕ್ಕ ಇಡು ಎಂದರು. ಇಟ್ಟೆ.